ದಂಡಿನ ಅಂಗಡಿಯ ಚೀಟಿ

ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ಜನ ಮೆಚ್ಚುತ್ತಾರೆ. ಯುದ್ಧಕಾಲದಲ್ಲಿ ವರ್ತಕರೂ ಕಂಪನಿಗಳೂ ತಾವೇ ಅಚ್ಚು ಹಾಕಿಸಿ ಹಣವೆಂದು ಹಂಚಿದ ಚೀಟಿಗಳನ್ನು ಒಬ್ಬನು ಆಯ್ದಿಟ್ಟರೆ ಮಾತ್ರ, 'ಸರ್ಕಾರದ ಮುದ್ರೆಯಿಲ್ಲದ ಈ ಕಸವೇಕೆ?' ಎಂದು ನಗುತ್ತಾರೆ. ಆ ನಗೆ ಸಲ್ಲದೆಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಮೊದಲಾಯಿತು. ಮರುವರ್ಷ ಬೆಳ್ಳಿಯ ನಾಣ್ಯಗಳೆಲ್ಲ ಜನರ ಪೆಟ್ಟಿಗೆಗಳನ್ನು ಸೇರಿ, ಪೇಟೆಯಲ್ಲಿ ಚಿಲ್ಲರೆಯೇ ಇಲ್ಲದಾಯಿತು. ಕೆಲವರು ಅಂಚೆಚೀಟಿಗಳನ್ನೇ ಹಣವಾಗಿ ಕೊಟ್ಟು ಕೊಂಡರು. ಬೆವರಿದ ಕೈಗೆ ಅವು ಅಂಟಿಕೊಳ್ಳುತ್ತಿದ್ದವಂತೆ! ಅಂಗಡಿಕಾರರು ತಮ್ಮ ತಮ್ಮ ಹೆಸರಿನ ಚೀಟಿಗಳನ್ನು ಹೊರಡಿಸಿದರು. ಒಂದು ಡಾಲರಿಗಿಂತ ಕಡಿಮೆ ಮೊತ್ತದ ಇಂಥ ಚೀಟಿಗಳನ್ನು 1862ರ ಜುಲೈ ತಿಂಗಳಲ್ಲಿ ಶಾಸನವೊಂದು ನಿಷೇಧಿಸಿತು. ಆದರೂ ಅವು ಒಮ್ಮೆಗೇ ನಿಲ್ಲಲಿಲ್ಲ.

ಇವುಗಳಲ್ಲೆಲ್ಲ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ದಂಡಿನ ವರ್ತಕನ ಚೀಟಿ. ಉತ್ತರದ ಸೇನೆಯ ದಂಡುಗಳ ಜೊತೆಯಲ್ಲಿ 'ಸಟ್ಲರ್' ಎಂಬ ಪರವಾನಗಿಯುಳ್ಳ ವರ್ತಕನು ಗುಡಾರ ಹಾಕಿಕೊಂಡಿರುತ್ತಿದ್ದನು. ಯುದ್ಧದ ಮೊದಲ ವರ್ಷಗಳಲ್ಲಿ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರು. ಎರಡು ತಿಂಗಳಿಗೊಮ್ಮೆ ಬರಬೇಕಾದ ಆ ಹಣವೂ ಎಷ್ಟೋ ಸಲ ತಡವಾಗುತ್ತಿತ್ತು. ಅದುವರೆಗೆ ಹೊಗೆಸೊಪ್ಪೋ ಮನೆಗೆ ಪತ್ರ ಬರೆಯಲು ಕಾಗದವೋ ಬೇಕಾದ ಸಿಪಾಯಿ, ವರ್ತಕನಲ್ಲಿ ಸಾಲ ಬರೆಸಿ ಕೆಲವು ಸೆಂಟುಗಳ ಚೀಟಿಗಳನ್ನು ಪಡೆಯುತ್ತಿದ್ದನು. ಅವು ನಡೆಯುತ್ತಿದ್ದುದು ಆ ವರ್ತಕನ ಅಂಗಡಿಯಲ್ಲಿ ಮಾತ್ರ. ಬೇರೆ ಅಂಗಡಿ ಇಲ್ಲದೆಡೆ ಬೆಲೆ ದುಬಾರಿಯಾಗದೆ ಇದ್ದೀತೆ? ವರ್ತಕನ ಬಾಕಿಗೆ ಸಂಬಳದ ಆರರಲ್ಲೊಂದು ಪಾಲಿಗಿಂತ ಹೆಚ್ಚು ಹಿಡಿಯಬಾರದೆಂದು ಶಾಸನವನ್ನೇ ಮಾಡಬೇಕಾಗಿ ಬಂದಿತು.

ಸಂಗ್ರಾಹಕರ ಪೇಟೆಯಲ್ಲಿ ಮಡಿಕೆ ಬೀಳದ ಚೀಟಿಗೆ ಹೆಚ್ಚು ಬೆಲೆ. ನಾನಾದರೋ ಕೊಳೆ ಹಿಡಿದುದನ್ನೇ ಆರಿಸಿಯೇನು. ಸಲ್ಲಿಸಿದ ಚೀಟಿ ವರ್ತಕನ ಕೈಗೆ ಹಿಂದಿರುಗುತ್ತದೆ. ಬಳಸಿ ನವೆದೂ ಹಿಂದಿರುಗದೆ ಉಳಿದ ಚೀಟಿಯೆಂದರೆ ಯಾರಿಗೋ ಬಾರದೆ ಹೋದ ಹಣವಿರಬಹುದು. ದಂಡು ರಾತ್ರೋರಾತ್ರಿ ಹೊರಟಿರಬಹುದು, ವರ್ತಕನು ಕಾಲ್ತೆಗೆದಿರಬಹುದು, ಸಿಪಾಯಿಯೇ ಮಡಿದಿರಬಹುದು.

ಮೊದಲನೆಯ ಮಹಾಯುದ್ಧ ಮೊದಲಾದ 1914ರಿಂದ ಜರ್ಮನಿಯ ಊರುಗಳೂ ಕಾರ್ಖಾನೆಗಳೂ ಹೀಗೆಯೇ 'ನೋಟ್‌ಗೆಲ್ಟ್' ಎಂಬ ಆಪದ್ಧನವನ್ನು ಹೊರಡಿಸಿದುವು. 1921–22ರ ಹೊತ್ತಿಗೆ ಸಂಗ್ರಾಹಕರಿಗೆಂದೇ ಬಣ್ಣಬಣ್ಣದ ಚೀಟಿಗಳ ಮಾಲೆಗಳು ಅಚ್ಚಾದುವು. ಅವು ಬಹಳ ಚೆಲುವಾಗಿವೆ. ಆದರೆ ಅವುಗಳಲ್ಲಿ ಎಷ್ಟೋ ಚೀಟಿಗಳು ಒಂದು ತುಂಡು ರೊಟ್ಟಿಯನ್ನೂ ಕೊಂಡವಲ್ಲ.

ಚೀಟಿಯ ಪಕ್ಕದಲ್ಲಿ ತಾವು ತೆತ್ತ ಬೆಲೆಯನ್ನು ಗುರುತುಹಾಕಿ, ಅದು ಯಾವ ದಂಡಿನದು, ಯಾವ ವರ್ಷದ್ದು ಎಂಬುದನ್ನು ಬರೆಯದೆ ಬಿಡುವ ಸಂಗ್ರಾಹಕರನ್ನು ಕಂಡರೆ ನನಗೆ ಬೇಸರವಾಗುತ್ತದೆ.