ಕೊಲೆಸ್ಟರಾಲ್ ಇಳಿದುದೆಲ್ಲ ಶುಭವಲ್ಲ

ರಕ್ತಪರೀಕ್ಷೆಯ ವರದಿಯಲ್ಲಿ ನಮ್ಮ ಕಣ್ಣು ಮೊದಲು ಅರಸುವುದು ಕೊಲೆಸ್ಟರಾಲಿನ ಅಂಕಿಯನ್ನು. ಅದು ಕಡಿಮೆಯಿದ್ದರೆ ನೆಮ್ಮದಿಪಡುತ್ತೇವೆ. ಆದರೆ ಔಷಧ ಸೇವಿಸದೆ, ಆಹಾರಕ್ರಮ ಬದಲಿಸದೆ ಆ ಅಂಕಿ ಹಿಂದಿಗಿಂತ ಬಹಳ ಇಳಿದಿದ್ದರೆ ಕಾರಣವನ್ನು ವಿಚಾರಿಸುವುದು ವಿವೇಕ.

ಕೊಲೆಸ್ಟರಾಲು ದೇಹದ ಶತ್ರುವಲ್ಲ. ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಅದು ಬೇಕು. ಅದನ್ನು ತಯಾರಿಸಿ, ರಕ್ತಕ್ಕೆ ಕಳುಹಿಸಿ, ಹೆಚ್ಚಾದುದನ್ನು ಪಿತ್ತರಸದೊಡನೆ ಹೊರಹಾಕುವ ಮುಖ್ಯ ಅಂಗ ಯಕೃತ್ತು. ಹೆಪಟೈಟಿಸ್-ಸಿ ವೈರಾಣು ಅಲ್ಲಿ ನೆಲೆಯೂರಿ, ಕೊಬ್ಬನ್ನು ಸಾಗಿಸುವ ಕಣಗಳ ಜೊತೆಗೂಡಿಯೇ ರಕ್ತಕ್ಕೆ ಇಳಿಯುತ್ತದೆ. ಇಂತಹ ಸೋಂಕಿತರಲ್ಲಿ ರಕ್ತದ ಕೊಲೆಸ್ಟರಾಲು ಅನೇಕ ವೇಳೆ ತಗ್ಗಿರುತ್ತದೆ. ವೈರಾಣು ನಾಶವಾದ ಮೇಲೆ ಸಾಮಾನ್ಯವಾಗಿ ಮತ್ತೆ ಏರುತ್ತದೆ.

ಸೋಂಕು ಹಲವು ವರ್ಷ ಉಳಿದು ಯಕೃತ್ತು ಗಡುಸಾದರೆ ಇನ್ನೊಂದು ವಿಪರ್ಯಾಸ ಕಾಣುತ್ತದೆ. ರಕ್ತದಲ್ಲಿನ ಬಿಡಿ ಕೊಲೆಸ್ಟರಾಲನ್ನು ಸಾಗಣೆಗೆ ತಕ್ಕಂತೆ ಮಾರ್ಪಡಿಸುವ ಕಿಣ್ವವೊಂದು ಯಕೃತ್ತಿನಲ್ಲಿ ತಯಾರಾಗುತ್ತದೆ. ಆ ಕಿಣ್ವ ಕುಂದಿದಾಗ ಬಿಡಿ ಕೊಲೆಸ್ಟರಾಲು ಕೆಂಪು ರಕ್ತಕಣಗಳ ಪೊರೆಯನ್ನು ಸೇರಿಕೊಳ್ಳುತ್ತದೆ. ಹೀಗೆ ವರದಿಯ ಅಂಕಿ ಇಳಿದಿರುವಾಗಲೇ ಕಣದ ಪೊರೆಯಲ್ಲಿ ಅದರ ಹೊರೆ ಏರಿರಬಹುದು. ರೋಗ ಬಲಿತಾಗ ಕೆಲವರಲ್ಲಿ ಈ ಕಣಗಳು ಮುಳ್ಳುಮುಳ್ಳಾಗಿ, ಮೃದುತ್ವ ಕಳೆದುಕೊಂಡು, ಗುಲ್ಮದ ಇಕ್ಕಟ್ಟಿನಲ್ಲಿ ನುಸುಳಲಾರದೆ ನಾಶವಾಗುತ್ತವೆ. ಅದರ ಫಲ ರಕ್ತಹೀನತೆ.

ಕೊಲೆಸ್ಟರಾಲು ಕಡಿಮೆಯಿದ್ದ ಮಾತ್ರಕ್ಕೆ ಸೋಂಕಿದೆಯೆಂದು ಅರ್ಥವಲ್ಲ. ಇಳಿದ ಅಂಕಿಯೇ ಆರೋಗ್ಯದ ಪ್ರಮಾಣಪತ್ರವೂ ಅಲ್ಲ. ನಮ್ಮ ನಿಜವಾದ ತೊಡಕು ಬೇರೆಡೆ ಇದೆ. ಯಕೃತ್ತಿನ ರೋಗವೆಂದೊಡನೆ ಕುಡಿತದ ಫಲವೆಂದು ಭಾವಿಸುತ್ತೇವೆ. ಮದ್ಯ ಮುಟ್ಟದವರು ತಮಗೆ ಪರೀಕ್ಷೆಯೇ ಬೇಡವೆನ್ನುತ್ತಾರೆ. ಸೋಂಕು ತಿಳಿದವರು ನಾಚಿ ಮರೆಮಾಡುತ್ತಾರೆ. ತಾಯಿಯಿಂದ ಹಸುಗೂಸಿಗೆ, ಶುದ್ಧಗೊಳಿಸದ ಸೂಜಿಯಿಂದ, ಪರೀಕ್ಷಿಸದ ರಕ್ತದಿಂದ ಹರಡುವ ರೋಗದಲ್ಲಿ ನಾಚಬೇಕಾದದ್ದೇನಿದೆ?

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ, ಚಿಕಿತ್ಸೆ ಉಚಿತ. ಸಿ ಸೋಂಕು ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಶೇ. 95ರಷ್ಟು ಜನರಲ್ಲಿ ಸಂಪೂರ್ಣ ಗುಣವಾಗುತ್ತದೆ. ಬಿ ಸೋಂಕನ್ನು ಔಷಧದಿಂದ ಹತೋಟಿಯಲ್ಲಿಡಬಹುದು. ಶಿಶು ಜನಿಸಿದ 24 ಗಂಟೆಗಳೊಳಗೆ ಲಸಿಕೆ ಹಾಕಿಸಿ ತಡೆಯಲೂಬಹುದು.

ಆದುದರಿಂದ ಮನೆಯ ಹಿರಿಯರೆಲ್ಲರೂ ಒಮ್ಮೆಯಾದರೂ ಈ ಎರಡು ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಯಕೃತ್ತು ಬಹುಕಾಲ ಮೌನವಾಗಿ ಸಹಿಸುತ್ತದೆ. ಅದು ನೊಂದು ನುಡಿಯುವವರೆಗೆ ನಾವು ಕಾಯಬಾರದು.