ಬೊಜ್ಜು ಮಗುವಿನ ತಪ್ಪಲ್ಲ

ಮಲೆನಾಡಿನ ಯಾವುದೇ ಬಸ್ ನಿಲ್ದಾಣದ ಅಂಗಡಿಯ ಮುಂದೆ ನಿಂತು ನೋಡಿ. ಬಾಳೆಗೊನೆ ತೂಗುತ್ತಿದ್ದ ಕೊಕ್ಕೆಯಲ್ಲಿ ಇಂದು ಕುರುಕಲು ಪೊಟ್ಟಣಗಳ ಸರಮಾಲೆ ತೂಗುತ್ತಿದೆ. ಒಳಗಿನ ಎಣ್ಣೆ, ಉಪ್ಪು, ಸಕ್ಕರೆ ಮಕ್ಕಳ ಮೈ ಸೇರಿದರೆ, ಹೊರಗಿನ ಪ್ಲಾಸ್ಟಿಕ್ ಹಳ್ಳದ ಪಾಲಾಗುತ್ತದೆ. ಹಳ್ಳ ಕೆಟ್ಟಾಗ ದನಿಯೆತ್ತುವ ನಾವೇ, ಮಗುವಿಗೆ ಬೊಜ್ಜು ಬಂದಾಗ ಅದನ್ನು ಹೊಟ್ಟೆಬಾಕತನವೆಂದು ಹಾಸ್ಯ ಮಾಡುತ್ತೇವೆ!

ಬೊಜ್ಜು ಪಟ್ಟಣದ ಸಿರಿವಂತರ ಕಾಯಿಲೆಯೆಂಬ ನಂಬಿಕೆ ಇನ್ನು ಸಲ್ಲದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ಗ್ರಾಮೀಣ ಮಹಿಳೆಯರಲ್ಲಿ ಅತಿತೂಕ ಅಥವಾ ಬೊಜ್ಜು ಉಳ್ಳವರು 2015-16ರಲ್ಲಿ ಶೇ. 15ರಷ್ಟಿದ್ದರು, 2019-21ರಲ್ಲಿ ಶೇ. 19.7 ಆದರು. ಇಷ್ಟು ಅಲ್ಪಕಾಲದಲ್ಲಿ ಹಳ್ಳಿಗರೆಲ್ಲರೂ ಸೋಮಾರಿಗಳಾದರೆ? ಇಲ್ಲ. ಬದಲಾದದ್ದು ಊಟ, ದುಡಿಮೆ ಮತ್ತು ಪೇಟೆ.

ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಈಗ ನಮ್ಮ ದೇಶದಲ್ಲೂ ದೊರೆಯುತ್ತಿವೆ. ಅಗತ್ಯವುಳ್ಳವರು ವೈದ್ಯರ ನಿಗಾದಲ್ಲಿ ಅವನ್ನು ಪಡೆಯಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಮದ್ದು ನಿಂತರೆ ಇಳಿದ ತೂಕದ ಬಹುಪಾಲು ಮರಳುತ್ತದೆ. ಕಾಯಿಲೆಯನ್ನೂ ಮಾರಿ, ಮದ್ದನ್ನೂ ಮಾರುವ ಪೇಟೆಗೆ ಇದಕ್ಕಿಂತ ಲಾಭದ ವ್ಯಾಪಾರ ಬೇರೊಂದಿದೆಯೇ?

ಹಾಗೆಂದು ನಮ್ಮ ಹೊಣೆ ತಪ್ಪಿತೆಂದಲ್ಲ. ತಟ್ಟೆಯ ತುಂಬ ಅನ್ನ, ದಿನಕ್ಕೆ ನಾಲ್ಕು ಸಲ ಸಕ್ಕರೆಯ ಕಾಫಿ, ತೋಟಕ್ಕೂ ಬೈಕು – ಇವು ನಾವೇ ಕಟ್ಟಿಕೊಂಡ ಅಭ್ಯಾಸಗಳು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಇರುವ ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರಲು ನೆರವಾಗುತ್ತದೆ. ಬೆಳೆಯುವ ಮಕ್ಕಳನ್ನು ಮಾತ್ರ ಉಪವಾಸ ಕೆಡವಬಾರದು. ಅನೇಕರಿಗೆ ತೂಕ ಏರದಂತೆ ತಡೆದರೆ ಸಾಕು, ಎತ್ತರ ತಾನೇ ಸರಿದೂಗಿಸುತ್ತದೆ. ಅವರಿಗೆ ದಿನಕ್ಕೊಂದು ಗಂಟೆ ಆಟ, ಮನೆಮಂದಿಗೆಲ್ಲ ಒಂದೇ ಬಗೆಯ ಊಟ ಇರಲಿ.

ಶಾಲೆಯ ಆವರಣದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಕೂಡದೆಂಬ ನಿಯಮ 2020ರಲ್ಲೇ ಬಂದಿದೆ. ಚಿಲಿ ದೇಶವು 2016ರಿಂದ ಇಂಥ ಪೊಟ್ಟಣಗಳ ಮೇಲೆ ಕಪ್ಪು ಎಚ್ಚರಿಕೆಯ ಮುದ್ರೆಯನ್ನು ಕಡ್ಡಾಯಗೊಳಿಸಿ, ಶಾಲೆಗಳಲ್ಲಿ ಅವುಗಳ ಮಾರಾಟವನ್ನೂ ತಡೆಯಿತು. ನಾವು ಕನಿಷ್ಠ ಆ 50 ಮೀಟರನ್ನಾದರೂ ಅಳೆಯಬಾರದೇ?

ಮುಂದಿನ ಗ್ರಾಮಸಭೆಗೆ ಅಳತೆಯ ಟೇಪು ಹಿಡಿದು ಬನ್ನಿ. ಅಳೆಯಬೇಕಾದದ್ದು ಮಗುವಿನ ಹೊಟ್ಟೆಯನ್ನಲ್ಲ, ಶಾಲೆಯ ಗೇಟಿಗೂ ಪೊಟ್ಟಣದ ಸರಮಾಲೆಗೂ ಇರುವ ದೂರವನ್ನು.