ಕೂಸಿನ ಉಸಿರನ್ನು ಎಣಿಸಿರಿ

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ವಿಜಯಪುರದಲ್ಲಿ ಚಳಿ ಬಲಿತಿರುತ್ತದೆ. ಕೂಸು ಕೆಮ್ಮದ ಮನೆ ಆಗ ವಿರಳ. ಬಹುತೇಕ ಕೆಮ್ಮು-ನೆಗಡಿಗಳು ವೈರಾಣುಗಳಿಂದ ಬಂದು ತಾವೇ ಶಮನವಾಗುತ್ತವೆ. ಅವಕ್ಕೆ ಆ್ಯಂಟಿಬಯಾಟಿಕ್ ಬೇಡ, ಭಕ್ತರು ಹಟ ಹಿಡಿದು ಮಾಡಿಸಿಕೊಳ್ಳುವ ಸೂಜಿಯೂ ಬೇಡ. ಆದರೆ ನ್ಯುಮೋಕಾಕಸ್‌ನಂತಹ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದರೆ, ಗಾಳಿ ತುಂಬಬೇಕಾದ ಸೂಕ್ಷ್ಮ ಚೀಲಗಳಲ್ಲಿ ಕೀವು ಮತ್ತು ದ್ರವ ತುಂಬಿ ದೇಹಕ್ಕೆ ಆಮ್ಲಜನಕ ಸಾಲದಾಗುತ್ತದೆ.

ಈ ವ್ಯತ್ಯಾಸವನ್ನು ವೈದ್ಯರಿಗಿಂತ ಮೊದಲು ತಾಯಿಯೇ ಕಾಣಬಲ್ಲಳು. ಕೂಸು ಅಳದೆ ಶಾಂತವಾಗಿರುವಾಗ ಅಂಗಿ ಸರಿಸಿ, ಗಡಿಯಾರ ನೋಡುತ್ತ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇದುವುದು, ಮೊಲೆಹಾಲು ಕುಡಿಯಲಾಗದಿರುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು.

ತಿಕೋಟಾ, ಬಬಲೇಶ್ವರಗಳಿಂದ ನಗರಕ್ಕೆ ವಾಹನದಲ್ಲಿ ಒಂದು ತಾಸಿನೊಳಗಿನ ದಾರಿ. ಜಿಲ್ಲಾ ಆಸ್ಪತ್ರೆಯಿದೆ, ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಕರೆದರೆ 108 ವಾಹನವಿದೆ. ಆದುದರಿಂದ ದಾರಿಯ ದೂರಕ್ಕಿಂತ ಮನೆಯೊಳಗಿನ ಸಮಾಲೋಚನೆಯೇ ದೊಡ್ಡ ಅಪಾಯವೆಂದು ನಾನು ತಿಳಿದಿದ್ದೇನೆ. ಹಿರಿಯರು ದೃಷ್ಟಿ ತೆಗೆಯುತ್ತಾರೆ. ಕೆಲವೆಡೆ ಹೊಟ್ಟೆಗೆ ಬರೆ ಹಾಕುವ ಕ್ರೂರ ಪದ್ಧತಿ ಇನ್ನೂ ಉಳಿದಿದೆ. ಮನೆಯ ಯಜಮಾನ ಹೊಲದಿಂದ ಬರಲೆಂದು ಇರುಳು ಕಾಯುತ್ತಾರೆ. ಆಮ್ಲಜನಕವೂ ರಕ್ತನಾಳದ ಮೂಲಕ ಔಷಧವೂ ಬೇಕಾದ ಕೂಸಿಗೆ ಆ ಒಂದು ಇರುಳೇ ದುಬಾರಿ. ಶ್ರೀಮಠದ ಭಕ್ತರಿಗೆ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು: ಪಕ್ಕೆ ಸೇದುತ್ತಿರುವ ಕೂಸನ್ನು ವಿಭೂತಿಗಾಗಿ ಮೊದಲು ಮಠಕ್ಕೆ ತರಬೇಡಿರಿ. ಗುಣವಾದ ಮೇಲೆ ಬನ್ನಿರಿ. ಆಶೀರ್ವಾದ ಎಲ್ಲಿಗೂ ಹೋಗದು.

ಬಾರದಂತೆ ತಡೆಯುವ ಉಪಾಯವೂ ಇದೆ. ನ್ಯುಮೋಕಾಕಸ್ ವಿರುದ್ಧದ ಪಿ.ಸಿ.ವಿ. ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಕೇಂದ್ರಗಳಲ್ಲಿ ಉಚಿತ: ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು. ಹಿಬ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಿಂದ ಪೆಂಟಾವೇಲೆಂಟ್ ಲಸಿಕೆ ಕಾಯುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ನಮ್ಮ ತಾಂಡಾಗಳ ಕೂಸುಗಳಿಗೆ ಇವುಗಳಲ್ಲಿ ಯಾವುದಾದರೂ ತಪ್ಪುವ ಸಂಭವ ಹೆಚ್ಚು. ಹೊರಡುವಾಗ ಗಂಟಿನಲ್ಲಿ ತಾಯಿ ಕಾರ್ಡ್ ಇರಲಿ. ಅದನ್ನು ತೋರಿಸಿ ಅಲ್ಲಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿಯೂ ಉಳಿದ ಲಸಿಕೆಯನ್ನು ಹಾಕಿಸಬಹುದು.